ದಿ ಜಾಝ್ ಸಿಂಗರ್ (1927): ತಾರಾಗಣ ಮತ್ತು ತಂತ್ರಜ್ಞರು

ದಿ ಜಾಝ್ ಸಿಂಗರ್: ಅಮೆರಿಕದ ವಾರ್ನರ್ ಬ್ರದರ್ಸ್ ಸಂಸ್ಥೆ ತಯಾರಿಸಿದ, ಪಾತ್ರಧಾರಿಗಳ ಹಾಡು ಮತ್ತು ಮಾತು ತೆರೆಯ ಮೇಲಿನ ಚಲನೆಗೆ ತಾಳೆಯಾಗಿ ಕೇಳಿಬಂದ ಮೊದಲ ಪೂರ್ಣಾವಧಿ ಕಥಾಚಿತ್ರ. 1927ರ ಅಕ್ಟೋಬರ್ 6ರಂದು ನ್ಯೂಯಾರ್ಕಿನ ವಾರ್ನರ್ಸ್ ಚಿತ್ರಮಂದಿರದಲ್ಲಿ ಇದರ ಮೊದಲ ಪ್ರದರ್ಶನ ನಡೆಯಿತು. ಆಲನ್ ಕ್ರಾಸ್ಲಂಡ್ ನಿರ್ದೇಶಕ, ಆಲ್ ಜೋಲ್ಸನ್ ನಾಯಕನಟ. ಅವಧಿ ಸುಮಾರು ಒಂದೂವರೆ ಗಂಟೆ.

ಇದನ್ನು ಜಗತ್ತಿನ ಮೊದಲ ವಾಕ್ಚಿತ್ರವೆಂದು ಹೇಳುವುದು ರೂಢಿ. ಅದು ಪೂರ್ತಿ ಸರಿಯಲ್ಲ. ಲೀ ಡಿ ಫಾರೆಸ್ಟ್ ತನ್ನ ಫೋನೋಫಿಲ್ಮ್ ಪದ್ಧತಿಯ ಕಿರುಚಿತ್ರಗಳನ್ನು 1923ರಲ್ಲೇ ನ್ಯೂಯಾರ್ಕಿನಲ್ಲಿ ತೋರಿಸಿದ್ದ. ವಾರ್ನರ್ ಸಂಸ್ಥೆಯದೇ ಆದ ಡಾನ್ ಜುವಾನ್ (1926) ಚಿತ್ರಕ್ಕೆ ಮುದ್ರಿತ ಸಂಗೀತವೂ ಸದ್ದುಗಳೂ ಇದ್ದವು, ಮಾತು ಮಾತ್ರ ಇರಲಿಲ್ಲ. ಆದಿಯಿಂದ ಅಂತ್ಯದವರೆಗೂ ಮಾತಾಡುವ ಮೊದಲ ಕಥಾಚಿತ್ರ ಲೈಟ್ಸ್ ಆಫ್ ನ್ಯೂಯಾರ್ಕ್ ತೆರೆಕಂಡದ್ದು 1928ರ ಜುಲೈನಲ್ಲಿ. ಇವೆರಡರ ನಡುವೆ ನಿಲ್ಲುವ ದಿ ಜಾಝ್ ಸಿಂಗರ್ ಬಹುಪಾಲು ಮೂಕಿಯೇ. ಇದರಲ್ಲಿ ಕೇಳಿಸುವ ಮಾತು ಎಲ್ಲ ಸೇರಿ ಎರಡು ನಿಮಿಷದಷ್ಟು. ಉಳಿದ ಸಂಭಾಷಣೆಯನ್ನು ಪ್ರೇಕ್ಷಕರು ತೆರೆಯ ಮೇಲೆ ಓದಿಕೊಳ್ಳಬೇಕು.

ಈ ಲೇಖನದಲ್ಲಿ ಸಂಗೀತ ಮತ್ತು ಸದ್ದು ಮಾತ್ರ ಇರುವ ಚಿತ್ರವನ್ನು ಧ್ವನಿಚಿತ್ರ ಎಂದೂ, ಸಂಭಾಷಣೆ ಕೇಳಿಸುವ ಚಿತ್ರವನ್ನು ವಾಕ್ಚಿತ್ರ ಎಂದೂ, ಮೂಕಿಯಲ್ಲಿ ದೃಶ್ಯಗಳ ನಡುವೆ ಬರುವ ಲಿಖಿತ ಸಾಲುಗಳನ್ನು ಬರಹಫಲಕ ಎಂದೂ ಕರೆದಿದೆ.

ಮೂಲ

ಕಥೆಯ ಕರ್ತೃ ಸ್ಯಾಮ್ಸನ್ ರಾಫೆಲ್ಸನ್. ಇಲಿನಾಯ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದಾಗ, 1917ರಲ್ಲಿ, ಈತ ರಾಬಿನ್ಸನ್ ಕ್ರೂಸೋ ಜೂನಿಯರ್ ಎಂಬ ಸಂಗೀತನಾಟಕದಲ್ಲಿ ಜೋಲ್ಸನ್ ಹಾಡುವುದನ್ನು ಕೇಳಿದ. ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಪ್ರಾರ್ಥನೆ ಹಾಡುವ ಕ್ಯಾಂಟರ್‌ನ ಭಾವೋದ್ರೇಕವೇ ಆ ಹಾಡುಗಾರಿಕೆಯಲ್ಲೂ ಇದೆ ಎಂದು ಈತನಿಗೆ ತೋರಿತು. ಅದರಿಂದ ಹುಟ್ಟಿದ್ದು 1922ರಲ್ಲಿ ಎವರಿಬಡೀಸ್ ಮ್ಯಾಗಜೀನ್ ಪತ್ರಿಕೆಯಲ್ಲಿ ಅಚ್ಚಾದ ದಿ ಡೇ ಆಫ್ ಅಟೋನ್‌ಮೆಂಟ್ ಎಂಬ ಸಣ್ಣಕಥೆ. ಅದನ್ನೇ ರಾಫೆಲ್ಸನ್ ದಿ ಜಾಝ್ ಸಿಂಗರ್ ಎಂಬ ನಾಟಕವಾಗಿ ಬರೆದ. 1925ರ ಸೆಪ್ಟೆಂಬರಿನಲ್ಲಿ ಬ್ರಾಡ್‌ವೇ ರಂಗಕ್ಕೆ ಬಂದ ನಾಟಕದ ನಾಯಕ ಜಾರ್ಜ್ ಜೆಸೆಲ್.

ನಾಟಕದ ಹಕ್ಕನ್ನು ಕೊಂಡ ವಾರ್ನರ್ ಸಂಸ್ಥೆ ಮೊದಲು ಗೊತ್ತುಮಾಡಿಕೊಂಡದ್ದು ಜೆಸೆಲ್‌ನನ್ನೇ. ಹಾಡುಗಳ ಧ್ವನಿಮುದ್ರಣಕ್ಕೆ ಹೆಚ್ಚಿನ ಸಂಭಾವನೆ ಬೇಕೆಂಬ ವಿಷಯದಲ್ಲಿ ಮಾತು ಮುರಿಯಿತು. ಅನಂತರ 1927ರ ಮೇ ತಿಂಗಳಲ್ಲಿ ಜೋಲ್ಸನ್ 75,000 ಡಾಲರಿಗೆ ಒಪ್ಪಂದ ಮಾಡಿಕೊಂಡ. ಯಾರ ಹಾಡು ಕೇಳಿ ಕಥೆ ಹುಟ್ಟಿತ್ತೋ ಆತನೇ ಕಥಾನಾಯಕನಾದುದು ಹೀಗೆ.

ನಿರ್ಮಾಪಕರು

ಹ್ಯಾರಿ, ಆಲ್ಬರ್ಟ್, ಸ್ಯಾಮ್ ಮತ್ತು ಜ್ಯಾಕ್ ವಾರ್ನರ್ ಎಂಬ ನಾಲ್ವರು ಸಹೋದರರು ಪೋಲೆಂಡಿನಿಂದ ವಲಸೆ ಬಂದ ಯಹೂದಿ ಕುಟುಂಬದವರು. 1923ರಲ್ಲಿ ನೋಂದಾಯಿತವಾದ ಇವರ ಕಂಪನಿ ಆಗಿನ್ನೂ ದೊಡ್ಡ ಸಂಸ್ಥೆಗಳ ಸಾಲಿಗೆ ಸೇರಿರಲಿಲ್ಲ. ಧ್ವನಿಯ ಕಡೆಗೆ ಕಂಪನಿಯನ್ನು ಎಳೆದವನು ಸ್ಯಾಮ್. ದೂರವಾಣಿ ಉಪಕರಣಗಳನ್ನು ತಯಾರಿಸುತ್ತಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ನೇಥನ್ ಲೆವಿನ್ಸನ್ 1925ರಲ್ಲಿ ಈತನಿಗೆ ಧ್ವನಿಚಿತ್ರದ ಪ್ರಾತ್ಯಕ್ಷಿಕೆ ನೋಡಲು ಒತ್ತಾಯ ಮಾಡಿದ. ಇದರ ಫಲವಾಗಿ 1926ರಲ್ಲಿ ಧ್ವನಿಚಿತ್ರಗಳಿಗೆಂದೇ ವಿಟಾಫೋನ್ ಎಂಬ ಪ್ರತ್ಯೇಕ ನಿಗಮ ಸ್ಥಾಪನೆಯಾಯಿತು. ಅದೇ ವರ್ಷ ವಿಟಾಫೋನ್ ತೆಗೆದ ಎ ಪ್ಲಾಂಟೇಶನ್ ಆ್ಯಕ್ಟ್ ಎಂಬ ಕಿರುಚಿತ್ರದಲ್ಲಿ ಜೋಲ್ಸನ್ ಹಾಡಿದ್ದ. ಮೈಕ್ರೋಫೋನಿನ ಮುಂದೆ ಆತ ಹೇಗೆ ಒದಗುತ್ತಾನೆಂಬುದು ಅಲ್ಲಿಯೇ ಗೊತ್ತಾಗಿತ್ತು.

ದಿ ಜಾಝ್ ಸಿಂಗರ್‌ಗೆ ಸುಮಾರು 4,22,000 ಡಾಲರ್ ವೆಚ್ಚವಾಯಿತು. ವಾರ್ನರ್ ಮಟ್ಟಿಗೆ ಇದು ಭಾರಿ ಮೊತ್ತ. ನಿರ್ಮಾಣದ ಮೇಲ್ವಿಚಾರಣೆ ಆಗ ಇಪ್ಪತ್ತೈದರ ಹರೆಯದ ಡ್ಯಾರಿಲ್ ಝಾನಕ್‌ನದು.

ಕಥಾಸಾರ

ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡಿನ ಕ್ಯಾಂಟರ್ ರಬಿನೋವಿಟ್ಸ್‌ಗೆ ತನ್ನ ಮನೆತನದ ವೃತ್ತಿಯನ್ನು ಮಗ ಜೇಕಿ ಮುಂದುವರಿಸಬೇಕೆಂಬ ಹಟ. ಹುಡುಗ ಮದ್ಯದಂಗಡಿಯಲ್ಲಿ ಹಾಡುತ್ತಾನೆ, ಏಟು ತಿನ್ನುತ್ತಾನೆ, ಮನೆ ಬಿಡುತ್ತಾನೆ. ವರ್ಷಗಳ ನಂತರ ಜ್ಯಾಕ್ ರಾಬಿನ್ ಎಂಬ ಹೆಸರಿನ ಗಾಯಕನಾಗಿ ಬೆಳೆದು, ಮೇರಿ ಡೇಲ್ ಎಂಬ ನರ್ತಕಿಯ ನೆರವಿನಿಂದ ಬ್ರಾಡ್‌ವೇಗೆ ಬರುತ್ತಾನೆ. ಪ್ರದರ್ಶನದ ಮೊದಲ ರಾತ್ರಿ ಮತ್ತು ಯೋಮ್ ಕಿಪ್ಪುರ್ ಎಂಬ ಪ್ರಾಯಶ್ಚಿತ್ತದ ಪರ್ವ ಒಂದೇ ಸಮಯಕ್ಕೆ ಬೀಳುತ್ತವೆ; ತಂದೆ ಮರಣಶಯ್ಯೆಯಲ್ಲಿದ್ದಾನೆ. ಜ್ಯಾಕ್ ರಂಗವನ್ನು ಬಿಟ್ಟು ಸಿನಗಾಗ್‌ನಲ್ಲಿ ಕೋಲ್ ನಿಡ್ರೇ ಪ್ರಾರ್ಥನೆಯನ್ನು ಹಾಡುತ್ತಾನೆ. ನಾಟಕದಲ್ಲಿ ನಾಯಕ ರಂಗಭೂಮಿಯನ್ನು ತೊರೆದು ಕ್ಯಾಂಟರ್ ಆಗುವಲ್ಲಿಗೆ ಕಥೆ ಮುಗಿಯುತ್ತದೆ. ಚಿತ್ರದಲ್ಲಿ ಅದಾದ ಮೇಲೆ ಇನ್ನೊಂದು ದೃಶ್ಯವಿದೆ: ವಿಂಟರ್ ಗಾರ್ಡನ್ ರಂಗಮಂದಿರದಲ್ಲಿ ಜ್ಯಾಕ್ ಪ್ರೇಕ್ಷಕರ ನಡುವೆ ಕುಳಿತ ತಾಯಿಗಾಗಿ ಹಾಡುತ್ತಾನೆ. ಈ ಬದಲಾವಣೆಯಿಂದ ಕಥೆಯ ಬಿಗಿ ಸಡಿಲಗೊಂಡಿದೆ. ರಾಫೆಲ್ಸನ್‌ಗೂ ಚಿತ್ರರೂಪ ಹಿಡಿಸಲಿಲ್ಲ.

ತಾರಾಗಣ

ಆಲ್ ಜೋಲ್ಸನ್ (ಜೇಕಿ ರಬಿನೋವಿಟ್ಸ್, ಜ್ಯಾಕ್ ರಾಬಿನ್). ಮೂಲ ಹೆಸರು ಏಸಾ ಯೋಲ್ಸನ್. ಆಗ ರಷ್ಯನ್ ಸಾಮ್ರಾಜ್ಯದಲ್ಲಿದ್ದ, ಈಗ ಲಿಥುವೇನಿಯಾಕ್ಕೆ ಸೇರಿದ ಸೆರೆಜಿಯಸ್ ಎಂಬ ಊರಿನಲ್ಲಿ 1886ರ ಸುಮಾರಿಗೆ ಹುಟ್ಟಿದ. ತಂದೆ ವಾಷಿಂಗ್ಟನ್ ನಗರದಲ್ಲಿ ಕ್ಯಾಂಟರ್ ಆಗಿದ್ದ. ಅಮೆರಿಕಕ್ಕೆ ಬಂದ ಕೆಲವೇ ತಿಂಗಳಲ್ಲಿ, 1895ರಲ್ಲಿ, ತಾಯಿ ತೀರಿಕೊಂಡಳು. ಚಿತ್ರದ ತಾಯಿ ಮಗನ ದೃಶ್ಯಗಳನ್ನು ನೋಡುವವರು ಈ ಸಂಗತಿಯನ್ನು ನೆನಪಿಡಬೇಕು. ಚಿತ್ರಕ್ಕೆ ಸಹಿ ಹಾಕುವ ವೇಳೆಗೆ ಈತ ಅಮೆರಿಕದ ರಂಗಭೂಮಿಯ ಅತ್ಯಂತ ಜನಪ್ರಿಯ ಗಾಯಕರಲ್ಲಿ ಒಬ್ಬ. ಮೂಕಿ ದೃಶ್ಯಗಳಲ್ಲಿ ಈತನ ಅಭಿನಯ ಬಿಗಿಯಾಗಿ, ಕೆಲವೆಡೆ ತಡವರಿಸುವಂತೆ ಕಾಣುತ್ತದೆ. ಹಾಡು ಶುರುವಾದೊಡನೆ ಮೈಯೆಲ್ಲ ಬೇರೆಯಾಗುತ್ತದೆ. ಕಣ್ಣು, ಮೊಣಕಾಲು, ಬೆರಳು ಎಲ್ಲವೂ ಲಯಕ್ಕೆ ಸೇರಿಬಿಡುತ್ತವೆ.

ವಾರ್ನರ್ ಓಲಂಡ್ (ಕ್ಯಾಂಟರ್ ರಬಿನೋವಿಟ್ಸ್). ಸ್ವೀಡನ್ನಿನಲ್ಲಿ 1879ರಲ್ಲಿ ಹುಟ್ಟಿದ ನಟ. ನಿರ್ಮಾಣ ಸಂಸ್ಥೆಯ ಹೆಸರಿಗೂ ಈತನ ಹೆಸರಿಗೂ ಸಂಬಂಧವಿಲ್ಲ. ತೆರೆಯ ಮೇಲೆ ಮಗನಾದ ಜೋಲ್ಸನ್‌ಗಿಂತ ಈತ ಏಳೆಂಟು ವರ್ಷ ಮಾತ್ರ ದೊಡ್ಡವನು. ಮುಪ್ಪನ್ನೆಲ್ಲ ಗಡ್ಡವೂ ಬಾಗಿದ ಬೆನ್ನೂ ಹೊತ್ತಿವೆ. ಕ್ಯಾಂಟರ್‌ನ ಗಾಯನ ಈತನ ಕಂಠದ್ದಲ್ಲ, ಬೇರೆ ಗಾಯಕನದು.

ಯೂಜಿನಿ ಬೆಸರರ್ (ತಾಯಿ ಸಾರಾ). ಮೂಕಿಚಿತ್ರಗಳ ಅನುಭವಿ ನಟಿ. ಮಗನ ಮಾತಿಗೆ ಈಕೆ ಕೊಡುವ ಅರ್ಧಂಬರ್ಧ ಉತ್ತರಗಳು ಚಿತ್ರದ ಮಾತಿನ ಭಾಗದಲ್ಲಿ ದಾಖಲಾಗಿವೆ.

ಮೇ ಮ್ಯಾಕವಾಯ್ (ಮೇರಿ ಡೇಲ್). ಬೆನ್-ಹರ್ (1925) ಮತ್ತು ಲೇಡಿ ವಿಂಡರ್ಮಿಯರ್ಸ್ ಫ್ಯಾನ್ (1925) ಚಿತ್ರಗಳಿಂದ ಹೆಸರಾದವಳು. ನಾಯಕಿಯಾದರೂ ಇಲ್ಲಿ ಈಕೆಯದು ಮೌನಪಾತ್ರ.

ಯೋಸೆಲೆ ರೋಸೆನ್‌ಬ್ಲಾಟ್. ಉಕ್ರೇನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಪ್ರಖ್ಯಾತ ಕ್ಯಾಂಟರ್. ಚಿತ್ರದಲ್ಲಿ ತನ್ನದೇ ಹೆಸರಿನಲ್ಲಿ ಕಾಣಿಸಿಕೊಂಡಿದ್ದಾನೆ. ಪವಿತ್ರ ಪ್ರಾರ್ಥನೆಯನ್ನು ಸಿನಿಮಾಕ್ಕಾಗಿ ಹಾಡಲು ಒಪ್ಪದೆ, ಕಛೇರಿಯ ದೃಶ್ಯದಲ್ಲಿ ಯಿಡ್ಡಿಷ್ ಭಾಷೆಯ ಹಾಡೊಂದನ್ನು ಮಾತ್ರ ಹಾಡಿದ.

ಹದಿಮೂರರ ಜೇಕಿಯಾಗಿ ಬಾಬಿ ಗಾರ್ಡನ್, ನೆರೆಯ ಯೂಡಲ್ಸನ್ ಆಗಿ ಆಟೋ ಲೆಡರರ್, ನಿರ್ಮಾಪಕ ಹ್ಯಾರಿ ಲೀ ಆಗಿ ರಿಚರ್ಡ್ ಟಕರ್ ನಟಿಸಿದ್ದಾರೆ. ವಿಲಿಯಂ ಡೆಮರೆಸ್ಟ್ ಮತ್ತು ರಾಸ್ಕೋ ಕಾರ್ನ್ಸ್ ಸಣ್ಣ ಪಾತ್ರಗಳಲ್ಲಿದ್ದಾರೆ. ಮೇಳದ ನರ್ತಕಿಯರ ಗುಂಪಿನಲ್ಲಿ ಹೆಸರಿಲ್ಲದೆ ನಿಂತವಳು ಮುಂದೆ ದೊಡ್ಡ ತಾರೆಯಾದ ಮೈರ್ನಾ ಲಾಯ್.

ನಿರ್ದೇಶನ, ಚಿತ್ರಕಥೆ, ಛಾಯಾಗ್ರಹಣ

ಡಾನ್ ಜುವಾನ್ ನಿರ್ದೇಶಿಸಿದ್ದ ಕ್ರಾಸ್ಲಂಡ್‌ಗೆ ವಿಟಾಫೋನಿನ ಕಟ್ಟುಪಾಡುಗಳು ಪರಿಚಿತ. ಆತನ ಹಿಂದಿನ ಚಿತ್ರ ಓಲ್ಡ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ (1927) ಛಾಯಾಗ್ರಾಹಕ ಹ್ಯಾಲ್ ಮೋರ್ ಮತ್ತು ನಟ ಓಲಂಡ್ ಇಬ್ಬರೂ ಇದ್ದರು. ಹೀಗೆ ಇದು ಒಟ್ಟಿಗೆ ದುಡಿದು ಪಳಗಿದ ತಂಡ. ಚಿತ್ರಕಥೆ ಆಲ್ಫ್ರೆಡ್ ಎ. ಕೋನ್‌ನದು, ಬರಹಫಲಕಗಳು ಜ್ಯಾಕ್ ಜಾರ್ಮತ್‌ನವು, ಸಂಕಲನ ಹೆರಾಲ್ಡ್ ಮೆಕಾರ್ಡ್‌ನದು.

1927ರ ಜೂನ್‌ನಲ್ಲಿ ನ್ಯೂಯಾರ್ಕಿನ ಬೀದಿಗಳಲ್ಲಿ ಹೊರಾಂಗಣ ಚಿತ್ರೀಕರಣ ನಡೆಯಿತು. ಲೋವರ್ ಈಸ್ಟ್ ಸೈಡಿನ ತಳ್ಳುಗಾಡಿಗಳು, ಸಂತೆಯ ನೂಕುನುಗ್ಗಲು, ಮಕ್ಕಳ ಗುಂಪು ಇವೆಲ್ಲ ನಿಜವಾದ ಬೀದಿಯವೇ. ಆ ಕಾಲದ ವಲಸಿಗ ಬಡಾವಣೆಯ ದೃಶ್ಯದಾಖಲೆಯಾಗಿ ಚಿತ್ರದ ಈ ಮೊದಲ ಭಾಗಕ್ಕೆ ಬೆಲೆಯಿದೆ. ಒಳಾಂಗಣ ಕೆಲಸ ಹಾಲಿವುಡ್‌ನ ಸನ್‌ಸೆಟ್ ಬುಲೆವಾರ್ಡಿನ ಸ್ಟುಡಿಯೋದಲ್ಲಿ ನಡೆಯಿತು. ಧ್ವನಿಯ ದೃಶ್ಯಗಳನ್ನು ಕೊನೆಗಿಟ್ಟುಕೊಂಡು ಆಗಸ್ಟ್ ತಿಂಗಳ ಉತ್ತರಾರ್ಧದಲ್ಲಿ ಮುಗಿಸಲಾಯಿತು.

ಧ್ವನಿ ವಿಭಾಗ

ಚಿತ್ರವನ್ನು ಚರಿತ್ರೆಯಲ್ಲಿ ನಿಲ್ಲಿಸಿದ ಕೆಲಸ ನಡೆದದ್ದು ಈ ವಿಭಾಗದಲ್ಲಿ. ಇದರ ಮುಖ್ಯರು ಸಿನಿಮಾದವರಲ್ಲ, ದೂರವಾಣಿ ಉದ್ಯಮದಿಂದ ಬಂದ ಎಂಜಿನಿಯರುಗಳು. ಧ್ವನಿಮುದ್ರಣ ಮಾಡಿದ ಜಾರ್ಜ್ ಗ್ರೋವ್ಸ್ ಇಂಗ್ಲೆಂಡಿನ ಸೇಂಟ್ ಹೆಲೆನ್ಸ್ ಪಟ್ಟಣದವನು. ಬೆಲ್ ಪ್ರಯೋಗಾಲಯದಲ್ಲಿ ಕೆಲಸ ಮಾಡಿ, ಡಾನ್ ಜುವಾನ್ ಚಿತ್ರದ ಸಂಗೀತವನ್ನು ಮುದ್ರಿಸಿದ್ದವನು. ವೆಸ್ಟರ್ನ್ ಎಲೆಕ್ಟ್ರಿಕ್‌ನ ಲೆವಿನ್ಸನ್ ಕೂಡ ಮುಂದೆ ವಾರ್ನರ್ ಸಂಸ್ಥೆಯ ಧ್ವನಿ ವಿಭಾಗಕ್ಕೇ ಬಂದ.

ವಿಟಾಫೋನ್ ಪದ್ಧತಿಯಲ್ಲಿ ಧ್ವನಿ ಫಿಲ್ಮಿನ ಮೇಲೆ ಇರುವುದಿಲ್ಲ, ಗ್ರಾಮಫೋನ್ ಮಾದರಿಯ ತಟ್ಟೆಯ ಮೇಲೆ ಇರುತ್ತದೆ. ತಟ್ಟೆಯ ವ್ಯಾಸ 16 ಅಂಗುಲ, ವೇಗ ನಿಮಿಷಕ್ಕೆ 33⅓ ಸುತ್ತು. ಮುಳ್ಳು ಒಳಗಿನಿಂದ ಹೊರಗೆ ಸಾಗುತ್ತದೆ. ಒಂದು ತಟ್ಟೆಯ ಒಂದು ಮಗ್ಗುಲು ಸುಮಾರು 11 ನಿಮಿಷ ನುಡಿಯುತ್ತದೆ. 1,000 ಅಡಿಯ ಒಂದು ರೀಲು ಸೆಕೆಂಡಿಗೆ 24 ಚೌಕಟ್ಟಿನಂತೆ ಓಡಿದರೆ ಮುಗಿಯುವ ಕಾಲವೂ ಅಷ್ಟೇ. ಹಾಗಾಗಿ ಒಂದು ರೀಲಿಗೆ ಒಂದು ತಟ್ಟೆ. ಕೈಯಿಂದ ಕ್ಯಾಮೆರಾ ತಿರುಗಿಸುತ್ತಿದ್ದ ಮೂಕಿಯ ದಿನಗಳಲ್ಲಿ ವೇಗ ಹೆಚ್ಚುಕಮ್ಮಿಯಾಗುತ್ತಿತ್ತು. ಇಲ್ಲಿ ಕ್ಯಾಮೆರಾವನ್ನೂ ಮುದ್ರಣ ಯಂತ್ರವನ್ನೂ ಒಂದೇ ವೇಗಕ್ಕೆ ಕಟ್ಟಿಹಾಕಿದ ವಿದ್ಯುತ್ ಮೋಟರುಗಳು ಓಡಿಸುತ್ತಿದ್ದವು.

ಮುದ್ರಣ ನಡೆಯುತ್ತಿದ್ದದ್ದು ದಪ್ಪ ಮೇಣದ ತಟ್ಟೆಯ ಮೇಲೆ. ಅದರಲ್ಲಿ ಕೊರೆದುದನ್ನು ಅಳಿಸುವಂತಿಲ್ಲ, ಕತ್ತರಿಸುವಂತಿಲ್ಲ, ಹಾಳಾಗದಂತೆ ನುಡಿಸಿ ಕೇಳುವಂತೆಯೂ ಇಲ್ಲ. ಗಾಯಕ ಮಧ್ಯದಲ್ಲಿ ತಪ್ಪಿದರೆ ಮತ್ತೆ ಮೊದಲಿನಿಂದ ಹಾಡಬೇಕು. ವಾದ್ಯವೃಂದವೂ ಅದೇ ಹೊತ್ತಿನಲ್ಲಿ ಅದೇ ಸ್ಥಳದಲ್ಲಿ ನುಡಿಸಬೇಕು. ಕ್ಯಾಮೆರಾದ ಗರಗರ ಮೈಕ್ರೋಫೋನಿಗೆ ಕೇಳದಿರಲೆಂದು ಅದನ್ನು ಗಾಜಿನ ಕಿಂಡಿಯಿರುವ ಮುಚ್ಚಿದ ಗೂಡಿನೊಳಗೆ ಇಡುತ್ತಿದ್ದರು. ಗೂಡಿನೊಳಗಿನ ಕ್ಯಾಮೆರಾ ಅತ್ತಿತ್ತ ಸರಿಯಲಾರದು. ಇದನ್ನು ನೀಗಲು ಒಂದಕ್ಕಿಂತ ಹೆಚ್ಚು ಕ್ಯಾಮೆರಾಗಳನ್ನು ಬೇರೆ ಬೇರೆ ದೂರದಲ್ಲಿ ಇಟ್ಟು ಹಾಡನ್ನು ಒಂದೇ ಓಟದಲ್ಲಿ ತೆಗೆಯುತ್ತಿದ್ದರು. ಸಂಕಲನಕಾರ ಅವುಗಳ ನಡುವೆ ದೃಶ್ಯ ಬದಲಿಸಬಹುದಿತ್ತು, ಆದರೆ ಒಟ್ಟು ಉದ್ದದಲ್ಲಿ ಒಂದು ಚೌಕಟ್ಟೂ ಏರುಪೇರಾಗುವಂತಿರಲಿಲ್ಲ. ಚಿತ್ರದ ಹಾಡಿನ ದೃಶ್ಯಗಳು ಉಳಿದ ಭಾಗಕ್ಕಿಂತ ನಿಶ್ಚಲವಾಗಿ ಕಾಣುವುದಕ್ಕೆ ಕಾರಣ ಇದೇ. ಅದನ್ನು ನಿರ್ದೇಶಕನ ಅಸಾಮರ್ಥ್ಯವೆಂದು ಬಗೆಯಬಾರದು.

ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ಆಪರೇಟರನ ಮೇಲೂ ಅಷ್ಟೇ ಹೊರೆ. ಫಿಲ್ಮಿನ ಆರಂಭದ ಚೌಕಟ್ಟು ಮತ್ತು ತಟ್ಟೆಯ ಮೇಲಿನ ಬಾಣದ ಗುರುತು ಎರಡನ್ನೂ ಸರಿಯಾಗಿ ಹೊಂದಿಸಿ ಆತ ಯಂತ್ರ ಹಾಕಬೇಕು. ಫಿಲ್ಮ್ ತುಂಡಾಗಿ ಕೆಲವು ಚೌಕಟ್ಟು ಹೋದರೆ ಅಷ್ಟೇ ಸಂಖ್ಯೆಯ ಕಪ್ಪು ಚೌಕಟ್ಟುಗಳನ್ನು ಅಲ್ಲಿ ಅಂಟಿಸಬೇಕು; ಇಲ್ಲವಾದರೆ ತುಟಿಗೂ ದನಿಗೂ ತಾಳೆ ತಪ್ಪುತ್ತದೆ. ಸವೆಯುವ ತಟ್ಟೆಯನ್ನು ಇಪ್ಪತ್ತರಷ್ಟು ಪ್ರದರ್ಶನಗಳಾದ ಮೇಲೆ ಬದಲಿಸಬೇಕಿತ್ತು. ಎಷ್ಟು ಸಲ ನುಡಿಸಿದೆ ಎಂದು ಗುರುತು ಹಾಕಲು ಅದರ ಚೀಟಿಯ ಮೇಲೆಯೇ ಚೌಕಗಳಿದ್ದವು.

ಸಂಗೀತ

ಸಂಗೀತ ನಿರ್ದೇಶಕ ಲೂಯಿ ಸಿಲ್ವರ್ಸ್ ಜೋಲ್ಸನ್‌ಗೆ ಹಳಬ. 1921ರ ಜನಪ್ರಿಯ ಗೀತೆ ಏಪ್ರಿಲ್ ಶವರ್ಸ್‌ಗೆ ಈತನೇ ರಾಗ ಹಾಕಿದ್ದ. ಚಿತ್ರದ ಮೂಕ ಭಾಗಗಳಿಗೂ ವಾದ್ಯವೃಂದದ ಸಂಗೀತ ಮುದ್ರಿತವಾಗಿದೆ. ಅದರಲ್ಲಿ ಚೈಕೋವ್‌ಸ್ಕಿಯ ರೋಮಿಯೋ ಆ್ಯಂಡ್ ಜೂಲಿಯೆಟ್ ಕೃತಿಯ ಎಳೆಗಳು ಮರಳಿ ಮರಳಿ ಕೇಳುತ್ತವೆ. ಹಾಡುಗಳಲ್ಲಿ ಇರ್ವಿಂಗ್ ಬರ್ಲಿನ್‌ನ ಬ್ಲೂ ಸ್ಕೈಸ್, ಡರ್ಟಿ ಹ್ಯಾಂಡ್ಸ್ ಡರ್ಟಿ ಫೇಸ್, ಟೂಟ್ ಟೂಟ್ ಟೂಟ್ಸಿ ಮತ್ತು ಮೈ ಮ್ಯಾಮಿ ಮುಖ್ಯವಾದವು. ಮದರ್ ಆಫ್ ಮೈನ್ ಎಂಬ ಹಾಡಿನ ರಾಗ ಸಿಲ್ವರ್ಸ್‌ನದು.

ಮಾತಿನ ದೃಶ್ಯಗಳು

ಮೊದಲ ಯೋಜನೆಯಲ್ಲಿ ಧ್ವನಿ ಇದ್ದದ್ದು ಹಾಡುಗಳಿಗೆ ಮಾತ್ರ. ಹಾಡಿನ ಹಿಂದೆಮುಂದೆ ಪ್ರೇಕ್ಷಕರೊಡನೆ ಮಾತಾಡುವುದು ರಂಗದ ಮೇಲೆ ಜೋಲ್ಸನ್‌ನ ಹಳೆಯ ಪದ್ಧತಿ. ಕಾಫಿ ಡ್ಯಾನ್ಸ್ ಎಂಬ ಹೋಟೆಲಿನ ದೃಶ್ಯದಲ್ಲಿ ಒಂದು ಹಾಡು ಮುಗಿದು ಚಪ್ಪಾಳೆ ಬಿದ್ದಾಗ ಆತ ಅದನ್ನೇ ಮಾಡಿದ. ಮುದ್ರಣ ಯಂತ್ರ ಓಡುತ್ತಿದ್ದುದರಿಂದ ಮಾತು ತಟ್ಟೆಗೆ ಇಳಿಯಿತು. ಇದರಲ್ಲಿ ಪೂರ್ವಯೋಜನೆ ಎಷ್ಟು, ಆಶುವಾದದ್ದು ಎಷ್ಟು ಎಂಬ ಬಗ್ಗೆ ಚಿತ್ರಚರಿತ್ರಕಾರರಲ್ಲಿ ಭಿನ್ನಾಭಿಪ್ರಾಯವಿದೆ.

ಎರಡನೆಯ ಸಂದರ್ಭವೇ ಹೆಚ್ಚು ಮಹತ್ವದ್ದು. ಬಹುಕಾಲದ ನಂತರ ಮನೆಗೆ ಬಂದ ಮಗ ಪಿಯಾನೋ ಮುಂದೆ ಕೂತು ತಾಯಿಗೆ ಬ್ಲೂ ಸ್ಕೈಸ್ ಹಾಡಿ, ನಡುವೆ ನಿಲ್ಲಿಸಿ ಹರಟುತ್ತಾನೆ: ತಾನು ಗೆದ್ದರೆ ಬ್ರಾಂಕ್ಸ್‌ನಲ್ಲಿ ಮನೆ ಮಾಡೋಣ, ನಿನಗೆ ಹೊಸ ಉಡುಪು ತರುತ್ತೇನೆ, ಕೋನಿ ಐಲಂಡಿಗೆ ಕರೆದೊಯ್ಯುತ್ತೇನೆ. ಬೆಸರರ್ ನಾಚಿ ತಡವರಿಸಿ ಸಣ್ಣ ದನಿಯಲ್ಲಿ ಒಂದೊಂದು ಮಾತು ಆಡುತ್ತಾಳೆ. ಬರೆದುಕೊಟ್ಟ ಸಂಭಾಷಣೆಗೆ ಇಲ್ಲದ ಸಲಿಗೆ ಅದರಲ್ಲಿದೆ. ಆಗ ಬಾಗಿಲಲ್ಲಿ ತಂದೆ ಕಾಣಿಸಿಕೊಂಡು ನಿಲ್ಲಿಸು ಎಂದು ಒಂದೇ ಪದ ಗುಡುಗುತ್ತಾನೆ. ಸಂಗೀತ ಕಡಿಯುತ್ತದೆ, ಕೆಲವು ಕ್ಷಣ ಏನೂ ಕೇಳಿಸುವುದಿಲ್ಲ, ಬಳಿಕ ಚಿತ್ರ ಮತ್ತೆ ಬರಹಫಲಕಗಳ ಮೂಕಿಯಾಗಿ ಮುಂದುವರಿಯುತ್ತದೆ. ಮಾತು ಬಂದು ಹೋದ ಮೇಲಿನ ಮೂಕತನ ಮೊದಲಿನಂತೆ ಸಹಜವೆನಿಸುವುದಿಲ್ಲ. ಇಡೀ ಚಿತ್ರದ ಶ್ರೇಷ್ಠ ಭಾಗ ಇದು.

ಬಿಡುಗಡೆ ಮತ್ತು ಪರಿಣಾಮ

ಸ್ಯಾಮ್ ವಾರ್ನರ್ 1927ರ ಅಕ್ಟೋಬರ್ 5ರಂದು, ಮೊದಲ ಪ್ರದರ್ಶನದ ಹಿಂದಿನ ದಿನ, ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡ. ಆಗ ಆತನಿಗೆ 40 ವರ್ಷ. ಹೀಗಾಗಿ ನ್ಯೂಯಾರ್ಕಿನ ಪ್ರದರ್ಶನಕ್ಕೆ ಸಹೋದರರಲ್ಲಿ ಯಾರೂ ಹಾಜರಿರಲಿಲ್ಲ. ಚಿತ್ರ 26 ಲಕ್ಷ ಡಾಲರಿನಷ್ಟು ಗಳಿಸಿತು. ಧ್ವನಿಯ ಸಲಕರಣೆ ಇಲ್ಲದ ಊರುಗಳಲ್ಲಿ ಇದನ್ನು ಮೂಕಿಯಾಗಿಯೇ ತೋರಿಸಲಾಯಿತು. 1928ರ ಮೇ ತಿಂಗಳಲ್ಲಿ ಹಾಲಿವುಡ್‌ನ ದೊಡ್ಡ ಸಂಸ್ಥೆಗಳು ವೆಸ್ಟರ್ನ್ ಎಲೆಕ್ಟ್ರಿಕ್‌ನ ಅಂಗಸಂಸ್ಥೆಯೊಡನೆ ಧ್ವನಿ ಸಲಕರಣೆಗಾಗಿ ಒಪ್ಪಂದ ಮಾಡಿಕೊಂಡವು. ಅದೇ ವರ್ಷ ಜೋಲ್ಸನ್ ನಟಿಸಿದ ದಿ ಸಿಂಗಿಂಗ್ ಫೂಲ್ ಇದಕ್ಕಿಂತ ದೊಡ್ಡ ಯಶಸ್ಸು ಕಂಡಿತು. ಗೆದ್ದದ್ದು ವಾಕ್ಚಿತ್ರ, ವಿಟಾಫೋನ್ ತಟ್ಟೆಯಲ್ಲ: ಫಿಲ್ಮಿನ ಅಂಚಿನಲ್ಲೇ ಧ್ವನಿ ಮುದ್ರಿಸುವ ವಿಧಾನ ಸುಲಭವೆನಿಸಿ, 1930ರ ದಶಕದ ಆರಂಭದಲ್ಲಿ ವಾರ್ನರ್ ಸಂಸ್ಥೆಯೂ ಅದಕ್ಕೇ ಬದಲಾಯಿಸಿಕೊಂಡಿತು.

1929ರ ಮೇ 16ರಂದು ನಡೆದ ಮೊದಲ ಅಕಾಡೆಮಿ ಪ್ರಶಸ್ತಿ ಸಮಾರಂಭದಲ್ಲಿ ಈ ಚಿತ್ರಕ್ಕಾಗಿ ವಾರ್ನರ್ ಸಂಸ್ಥೆಗೆ ವಿಶೇಷ ಪ್ರಶಸ್ತಿ ದೊರೆಯಿತು. ರೂಪಾಂತರಿತ ಚಿತ್ರಕಥೆಗಾಗಿ ಕೋನ್ ನಾಮನಿರ್ದೇಶನಗೊಂಡಿದ್ದ.

ತಂಡದ ಮುಂದಿನ ವೃತ್ತಿಜೀವನ

ಜೋಲ್ಸನ್‌ನ ಚಿತ್ರಖ್ಯಾತಿ 1930ರ ದಶಕದಲ್ಲಿ ಇಳಿಯಿತು. ಆತನ ಜೀವನವನ್ನು ಆಧರಿಸಿದ ದಿ ಜೋಲ್ಸನ್ ಸ್ಟೋರಿ (1946) ಚಿತ್ರದಲ್ಲಿ ಲ್ಯಾರಿ ಪಾರ್ಕ್ಸ್ ನಟಿಸಿದ, ಹಾಡುಗಳನ್ನು ಜೋಲ್ಸನ್ನೇ ಹಾಡಿದ. ಅದರ ಪೋಷಕ ಪಾತ್ರಕ್ಕಾಗಿ ಅಕಾಡೆಮಿ ನಾಮನಿರ್ದೇಶನ ಪಡೆದವನು ಹಳೆಯ ಸಂಗಾತಿ ಡೆಮರೆಸ್ಟ್. ಜೋಲ್ಸನ್ 1950ರಲ್ಲಿ ನಿಧನನಾದ. ಓಲಂಡ್ ಚೀನೀ ಪತ್ತೇದಾರ ಚಾರ್ಲಿ ಚಾನ್ ಪಾತ್ರದಿಂದ ಪ್ರಸಿದ್ಧನಾಗಿ 1938ರಲ್ಲಿ ತೀರಿಕೊಂಡ. ಮ್ಯಾಕವಾಯ್ ಕೆಲವೇ ವಾಕ್ಚಿತ್ರಗಳ ನಂತರ ನಾಯಕಿ ಪಾತ್ರಗಳಿಂದ ನಿವೃತ್ತಳಾದಳು. ಕ್ರಾಸ್ಲಂಡ್ 1936ರಲ್ಲಿ ಕಾರು ಅಪಘಾತದಿಂದ ಮೃತನಾದ.

ತಂತ್ರಜ್ಞರ ವೃತ್ತಿ ಹೆಚ್ಚು ಕಾಲ ಬಾಳಿತು. ಮೋರ್‌ಗೆ ಎ ಮಿಡ್‌ಸಮರ್ ನೈಟ್ಸ್ ಡ್ರೀಮ್ (1935) ಮತ್ತು ಫ್ಯಾಂಟಮ್ ಆಫ್ ದಿ ಆಪೆರಾ (1943) ಚಿತ್ರಗಳ ಛಾಯಾಗ್ರಹಣಕ್ಕೆ ಅಕಾಡೆಮಿ ಪ್ರಶಸ್ತಿ ಬಂತು. ಮೊದಲನೆಯ ಸಲ ಆತನ ಹೆಸರು ನಾಮನಿರ್ದೇಶಿತರ ಪಟ್ಟಿಯಲ್ಲೇ ಇರಲಿಲ್ಲ. ಮತದಾರರು ತಾವೇ ಹೆಸರು ಬರೆದು ಗೆಲ್ಲಿಸಿದರು. ಲೆವಿನ್ಸನ್ ಯಾಂಕೀ ಡೂಡಲ್ ಡ್ಯಾಂಡಿಗೆ (1942), ಗ್ರೋವ್ಸ್ ಸಯೋನಾರಾ (1957) ಮತ್ತು ಮೈ ಫೇರ್ ಲೇಡಿಗೆ (1964) ಧ್ವನಿಮುದ್ರಣ ಪ್ರಶಸ್ತಿ ಪಡೆದರು. ರಾಫೆಲ್ಸನ್ ಟ್ರಬಲ್ ಇನ್ ಪ್ಯಾರಡೈಸ್ (1932) ಮೊದಲಾದ, ನಿರ್ದೇಶಕ ಲೂಬಿಚ್‌ನ ಚಿತ್ರಗಳ ಲೇಖಕನಾಗಿ ಹೆಸರಾದ.

ವಿಮರ್ಶೆ

ಜೋಲ್ಸನ್ ಎರಡು ದೃಶ್ಯಗಳಲ್ಲಿ ಮುಖಕ್ಕೆ ಕಪ್ಪು ಬಳಿದುಕೊಂಡು ಹಾಡುತ್ತಾನೆ. ಬಿಳಿಯ ನಟರು ಕರಿಯರ ವೇಷ ಹಾಕಿ ಅವರನ್ನು ಗೇಲಿ ಮಾಡುತ್ತಿದ್ದ ಹತ್ತೊಂಬತ್ತನೆಯ ಶತಮಾನದ ಮಿನ್‌ಸ್ಟ್ರೆಲ್ ಪರಂಪರೆಯಿಂದ ಬಂದ ಪದ್ಧತಿ ಅದು. ಆಗ ರಂಗದ ಮೇಲೆ ಅದು ಸಾಮಾನ್ಯವಾಗಿತ್ತೆಂಬುದು ನಿಜ. ಆದರೂ ಅದು ಅವಮಾನಕರವೇ. ಯಹೂದಿ ವಲಸಿಗನೊಬ್ಬ ಕರಿಯರ ಮುಖವಾಡ ತೊಟ್ಟು ಬಿಳಿಯ ಅಮೆರಿಕನ್ನನಾಗುವ ಕಥೆಯೆಂದು ಇದನ್ನು ಮೈಕಲ್ ರೋಗಿನ್ 1996ರ ತನ್ನ ಗ್ರಂಥದಲ್ಲಿ ವಿಶ್ಲೇಷಿಸಿದ್ದಾನೆ. ಚಿತ್ರದ ಕುರಿತ ಇಂದಿನ ಯಾವ ಅಧ್ಯಯನವೂ ಈ ಪ್ರಶ್ನೆಯನ್ನು ಬದಿಗಿಡಲಾರದು.

ಇಂದಿನ ಸ್ಥಿತಿ

ಕಥೆ 1952ರಲ್ಲಿ ಡ್ಯಾನಿ ಥಾಮಸ್, 1980ರಲ್ಲಿ ನೀಲ್ ಡೈಮಂಡ್ ನಾಯಕರಾಗಿ ಮತ್ತೆ ತೆರೆಗೆ ಬಂತು. 1927ರ ಚಿತ್ರವನ್ನು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆ ಪಟ್ಟಿಗೆ 1996ರಲ್ಲಿ ಸೇರಿಸಲಾಯಿತು. ಚಿತ್ರದ ಎಂಬತ್ತನೆಯ ವರ್ಷವಾದ 2007ರಲ್ಲಿ ಡಿವಿಡಿ ಆವೃತ್ತಿ ಹೊರಬಂತು. 2023ರ ಜನವರಿ 1ರಂದು ಅಮೆರಿಕದಲ್ಲಿ ಚಿತ್ರದ ಹಕ್ಕುಸ್ವಾಮ್ಯದ ಅವಧಿ ಮುಗಿದಿದ್ದು, ಅಲ್ಲಿ ಇದು ಈಗ ಸಾರ್ವಜನಿಕ ಸ್ವತ್ತು.